ಗರುಡ ಬಂದರೆ ಮಾತ್ರ ಆಸ್ಪತ್ರೆಗೆ

ಗೋವಾದ ಬಂದರಿನಲ್ಲಿ ನಾನು ಮೂವತ್ತೊಂದು ವರ್ಷ ಕ್ರೇನ್ ಓಡಿಸಿದೆ. ಅದಿರು ತುಂಬಿದ ತೊಟ್ಟಿಯನ್ನು ನನ್ನಷ್ಟು ನಾಜೂಕಾಗಿ ಹಡಗಿನ ಹೊಟ್ಟೆಗೆ ಇಳಿಸುವವರು ಇನ್ನೊಬ್ಬರಿರಲಿಲ್ಲ. ಈ ಮಾತನ್ನು ಒಪ್ಪದ ಇಬ್ಬರು ಮೂವರು ಇದ್ದರು. ಅವರು ಈಗ ಬದುಕಿಲ್ಲ, ಹಾಗಾಗಿ ಒಪ್ಪಿದ್ದಾರೆ ಎಂದೇ ತಿಳಿದುಕೊಳ್ಳಬೇಕು.

ಆ ಮೂವತ್ತೊಂದು ವರ್ಷವೂ ಕಡಲ ಹಕ್ಕಿಗಳು ನನ್ನ ಕ್ಯಾಬಿನ್ನಿನ ಗಾಜಿಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರಿಹೋಗುತ್ತಿದ್ದವು. ಒಂದನ್ನೂ ನಾನು ನೆಟ್ಟಗೆ ನೋಡಲಿಲ್ಲ. ಅಷ್ಟು ಎತ್ತರದಲ್ಲಿ ಕುಳಿತವನಿಗೆ, ಕೆಳಗೆ ಕೂಲಿಗಳ ಮೇಲೆ ಜೋರು ಮಾಡುತ್ತಾ ಓಡಾಡುವ ಮುಕಾದಮರ ಟೊಪ್ಪಿಗೆಯ ಮೇಲೆ ಶೇಂಗಾ ಸಿಪ್ಪೆ ಬೀಳಿಸುವ ಕೆಲಸವೇ ಕೈತುಂಬ ಇತ್ತು.

ಹಕ್ಕಿ ನೋಡುವ ಯೋಗ ಬಂದದ್ದು ನಿವೃತ್ತಿಯಾದ ಮೇಲೆ, ಅಳಿಯನ ಕೃಪೆಯಿಂದ. ಅವನು ಫಾತೋರ್ಡಾದಲ್ಲಿ ಮದುವೆಯ ಫೋಟೋ ತೆಗೆಯುವವನು. ಹೊಸ ಕ್ಯಾಮರಾ ಕೊಂಡಾಗ ಹಳೆಯದನ್ನು, ಮೊಳದುದ್ದದ ಲೆನ್ಸಿನ ಸಮೇತ, ನನ್ನ ಕೈಗಿಟ್ಟ. ಲೆನ್ಸಿನ ಕುತ್ತಿಗೆ ಸಡಿಲವಾಗಿದ್ದರಿಂದ ಅದಕ್ಕೆ ಕರಿ ಟೇಪು ಸುತ್ತಿದ್ದ. ಮನೆಯಲ್ಲಿ ಸುಮ್ಮನೆ ಕೂತರೆ ಮಾವನವರಿಗೆ ಬೇಸರವಾಗುತ್ತದೆ, ಹಕ್ಕಿಗಳ ಫೋಟೋ ತೆಗೆಯಲಿ ಎಂದ. ಈ ಚಿಂತೆ ಅವನದಲ್ಲ, ನನ್ನ ಮಗಳದು. ಅಪ್ಪನಿಗೆ ಬೇಸರವಾದರೆ ಸುತ್ತಲಿನವರ ಗತಿ ಏನಾಗುತ್ತದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ನಮ್ಮ ಮನೆ ಬಂದರಿನ ಮೇಲಿನ ಸಡಾ ಗುಡ್ಡದ ಇಳಿಜಾರಿನಲ್ಲಿದೆ. ಇಲ್ಲಿ ಮನೆಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿದುಹೋಗುತ್ತವೆ. ನಮ್ಮ ಅಂಗಳದ ಕಟ್ಟೆಯ ಮೇಲೆ ಕೂತರೆ ಪಾದದ ಕೆಳಗೆ ಇನ್ನೊಂದು ಮನೆಯ ಸಿಮೆಂಟ್ ಶೀಟಿನ ಮಾಡು, ಅದರಾಚೆ ಕಲ್ಲಿದ್ದಲಿನ ರಾಶಿ, ಬಂದರು, ಕಡಲು. ಆ ಕೆಳಗಿನ ಮನೆ ನನ್ನ ಗೆಳೆಯನದು. ಬಾಗಲಕೋಟೆ ಕಡೆಯ ಮುಸಲ್ಮಾನ. ಮೀನಿನ ಲಾರಿಯನ್ನು ವಾಸ್ಕೋದಿಂದ ಬೆಳಗಾವಿಗೆ ಓಡಿಸಿ ಓಡಿಸಿ ಮುದುಕನಾದವನು. ನನ್ನ ಹೆಂಡತಿಯನ್ನು ಅವನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ, ಅವಳು ಅವನನ್ನು ಅಣ್ಣಾರು ಎನ್ನುತ್ತಾಳೆ. ಅಣ್ಣಾರು ಹೇಳಿದರೆ ಮುಗಿಯಿತು, ಮಳೆ ಬರುತ್ತದೆ ಎಂದರೆ ಅವಳು ಒಣಹಾಕಿದ ಹಪ್ಪಳ ಒಳಗೆ ತರುತ್ತಾಳೆ. ಅದೇ ಮಾತನ್ನು ನಾನು ಹೇಳಿದರೆ ಇನ್ನಷ್ಟು ಹಪ್ಪಳ ಹೊರಗೆ ಹಾಕುತ್ತಾಳೆ.

ಕ್ಯಾಮರಾ ಬಂದ ವಾರದಲ್ಲೇ ನಾನು ಸಡಾದಲ್ಲಿ ದೊಡ್ಡ ಮನುಷ್ಯನಾದೆ. ಚಹದ ಅಂಗಡಿಯಲ್ಲಿ ಲೆನ್ಸನ್ನು ಮೇಜಿನ ಮೇಲಿಟ್ಟು, ಇದರಲ್ಲಿ ನೋಡಿದರೆ ಕಾರವಾರದ ಬಸ್ ನಿಲ್ದಾಣದಲ್ಲಿ ಯಾರು ನಿಂತಿದ್ದಾರೆಂದು ತಿಳಿಯುತ್ತದೆ ಎಂದೆ. ಇಬ್ಬರು ನಂಬಿದರು. ಅವರಲ್ಲೊಬ್ಬ, ತನ್ನ ಬೀಗರು ಬಸ್ಸು ಹತ್ತಿದರೋ ಇಲ್ಲವೋ ನೋಡಿ ಹೇಳೆಂದು ದುಂಬಾಲು ಬಿದ್ದ. ನಾನು ಒಂದು ಕಣ್ಣು ಮುಚ್ಚಿ ದಕ್ಷಿಣ ದಿಕ್ಕಿಗೆ ಬಹಳ ಹೊತ್ತು ನೋಡಿ, ಹತ್ತಿದ್ದಾರೆ, ಆದರೆ ಕಿಟಕಿಯ ಸೀಟಿಗಾಗಿ ಜಗಳ ನಡೆದಿದೆ ಎಂದೆ. ಸಂಜೆ ಬೀಗರು ಬಂದಿಳಿದಾಗ ನಿಜಕ್ಕೂ ಮುಖ ಊದಿಸಿಕೊಂಡಿದ್ದರಂತೆ. ಅಂದಿನಿಂದ ಆ ಮನುಷ್ಯ ನನಗೆ ಎದ್ದು ನಿಂತು ಕುರ್ಚಿ ಕೊಡುತ್ತಾನೆ.

ಅಳಿಯನಿಗೆ ಹಕ್ಕಿಯ ಹುಚ್ಚಿನ ನಾಲ್ವರು ಗೆಳೆಯರಿದ್ದಾರೆ. ಒಂದು ಭಾನುವಾರ ಅವರು ವಾಳಪೈ ದಾಟಿ ಕಾಡಿಗೆ ಹೊರಟಾಗ ನನ್ನನ್ನೂ ಕಾರಿನಲ್ಲಿ ತುಂಬಿಕೊಂಡರು. ಅವರೆಲ್ಲರದು ಮಿಲಿಟರಿಯವರಂಥ ಹಸಿರು ಬಟ್ಟೆ. ನಾನು ಹಾಕಿಕೊಂಡಿದ್ದು ಬಂದರಿನ ಹಳದಿ ಅಂಗಿ. ಮಂಜಿನಲ್ಲೂ ಮೈಲಿ ದೂರದಿಂದ ಕಾಣಲಿ ಎಂದೇ ಹೊಲಿಸಿದ ಅಂಗಿ ಅದು. ಕಾರಿನಿಂದ ಇಳಿದಾಗ ಅದನ್ನು ನೋಡಿ ಎಲ್ಲರೂ ತಲೆ ಹಿಡಿದುಕೊಂಡರು. ಅಳಿಯ ಡಿಕ್ಕಿಯಿಂದ ಮದುವೆ ಜೋಡಿಗಳ ಹಿಂದೆ ಕಟ್ಟುವ ಹಸಿರು ಪರದೆ ತೆಗೆದು ನನಗೆ ಹೊದಿಸಿದ. ಅದರ ಅಂಚಿಗೆ ಜರಿಯಿತ್ತು. ಮಂಟಪದಿಂದ ತಪ್ಪಿಸಿಕೊಂಡ ಮುದಿ ಮದುಮಗಳ ಹಾಗೆ ನಾನು ಕಾಡಿನೊಳಗೆ ನಡೆದೆ.

ಅಲ್ಲಿ ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಇಪ್ಪತ್ತು ನಿಮಿಷ ತಡೆದುಕೊಂಡೆ. ಆಮೇಲೆ ಒಂದು ಪೊದೆಯ ಹಿಂದೆ ಕುಳಿತು, ಕ್ರೇನಿನ ಮೇಲಿಂದ ಕೆಳಗಿನವರನ್ನು ಕರೆಯಲು ಹಾಕುತ್ತಿದ್ದ ಹಳೆಯ ಶಿಳ್ಳೆಯನ್ನು ಸಣ್ಣಗೆ, ಎಳೆದು ಎಳೆದು ಹಾಕಿದೆ. ಎಲ್ಲ ಲೆನ್ಸುಗಳೂ ಪೊದೆಯ ಕಡೆ ತಿರುಗಿದವು. ಒಬ್ಬ ಚೀಲದಿಂದ ಪುಸ್ತಕ ತೆಗೆದು ಪುಟ ಹುಡುಕತೊಡಗಿದ. ಇನ್ನೊಬ್ಬ, ಈ ದನಿಯನ್ನು ಈ ಕಾಡಿನಲ್ಲಿ ಯಾರೂ ಕೇಳಿಲ್ಲ ಎಂದು ಪಿಸುಗುಟ್ಟಿದ. ಅದೇನೋ ಸರಿಯಾದ ಮಾತೇ. ಅಷ್ಟರಲ್ಲಿ ನನ್ನ ತೊಡೆಗೆ ಜಿಗಣೆ ಹತ್ತಿತು. ಆ ಅಪರೂಪದ ಹಕ್ಕಿ "ಯವ್ವಾ" ಎಂದು ಒದರಿ, ಜರಿಯಂಚಿನ ಪರದೆಯ ಸಮೇತ ಪೊದೆಯಿಂದ ಹೊರಗೆ ಜಿಗಿಯಿತು.

ನನ್ನನ್ನು ಒಂದು ಹಳ್ಳದ ದಂಡೆಗೆ ಕರೆದೊಯ್ದು ಬಂಡೆಯ ಮೇಲೆ ಕೂರಿಸಿದರು. ತಾವು ಹಿಂತಿರುಗುವವರೆಗೆ ಅಲ್ಲಿಂದ ಅಲ್ಲಾಡಬಾರದು ಎಂದು ಹೇಳಿ ಹೋದರು. ಮಾತಾಡಿಸಲು ಯಾರೂ ಇಲ್ಲ. ಬಂಡೆಗೆ ಒಂದು ನಗೆಹನಿ ಹೇಳಿ ನೋಡಿದೆ, ಅದು ನಗಲಿಲ್ಲ. ಕೊನೆಗೆ ಕ್ಯಾಮರಾವನ್ನು ಮೊಳಕಾಲ ಮೇಲಿಟ್ಟುಕೊಂಡು ಸುಮ್ಮನಾದೆ. ನೀರಿನ ಸದ್ದು ಮೊದಲು ಒಂದೇ ಆಗಿತ್ತು, ಕೇಳುತ್ತಾ ಕೇಳುತ್ತಾ ಮೂರು ನಾಲ್ಕು ಬಗೆಯಾಯಿತು. ಎಷ್ಟು ಹೊತ್ತಾಯಿತೋ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಮಿಂಚುಳ್ಳಿ ಹಾರಿಬಂತು. ಕೇಸರಿ ಹೊಟ್ಟೆ, ನೀಲಿ ಬೆನ್ನು, ಕೆಂಪು ಕೊಕ್ಕು. ಬಂದು ನೆಟ್ಟಗೆ ನನ್ನ ಲೆನ್ಸಿನ ತುದಿಯ ಮೇಲೆ ಕೂತಿತು.

ಈಗ ಹೇಳಿ, ಕ್ಯಾಮರಾದ ಮೇಲೆಯೇ ಕೂತ ಹಕ್ಕಿಯ ಫೋಟೋ ತೆಗೆಯುವುದು ಹೇಗೆ? ಅದರ ಎದೆ ಬಡಿದುಕೊಳ್ಳುವುದು ನನಗೆ ಕಾಣುತ್ತಿತ್ತು. ನಾನು ಉಸಿರು ಬಿಗಿಹಿಡಿದೆ. ಆ ಹೊತ್ತಿಗೆ ನನ್ನ ಹೆಸರು, ನನ್ನ ಕ್ರೇನು, ನನ್ನ ಹೊಗಳಿಕೆ, ಸಂಜೆ ಯಾರನ್ನು ಗೋಳುಹುಯ್ದುಕೊಳ್ಳಬೇಕು ಎಂಬ ಲೆಕ್ಕಾಚಾರ, ಯಾವುದೂ ತಲೆಯಲ್ಲಿ ಇರಲಿಲ್ಲ. ಅರವತ್ತೇಳು ವರ್ಷ ಎಡೆಬಿಡದೆ ಗದ್ದಲ ನಡೆಯುತ್ತಿದ್ದ ಮನೆ ತಟ್ಟನೆ ಖಾಲಿಯಾಗಿ, ಕಿಟಕಿಯಿಂದ ಗಾಳಿ ಬಂದಂತಾಯಿತು. ಹಕ್ಕಿ ಹಾರಿಹೋಯಿತು. ನಾನು ಅಲ್ಲೇ ಕೂತಿದ್ದೆ. ಅಳಿಯ ಬಂದು ಅಲುಗಾಡಿಸಿದಾಗ ಬೈಯಲೂ ತೋಚಲಿಲ್ಲ.

ಹಕ್ಕಿ ಲೆನ್ಸಿನ ಮೇಲೆ ಕೂತ ಮಾತನ್ನು ಯಾರೂ ನಂಬಲಿಲ್ಲ. ಕಾರವಾರದ ಬಸ್ ನಿಲ್ದಾಣವನ್ನು ನಂಬಿದ ಜನ ಕೂಡ, ಇದೊಂದು ಹೆಚ್ಚಾಯಿತು ಎಂದರು. ಚಹದ ಅಂಗಡಿಯವರು ನನ್ನನ್ನು "ಹಕ್ಕಿ ಸ್ವಾಮಿ" ಎಂದು ಕರೆಯತೊಡಗಿದರು. ನನಗೆ ಅದೂ ರುಚಿಸಿತು. ಕೈಯೆತ್ತಿ ಆಶೀರ್ವಾದ ಮಾಡುತ್ತಾ ಎರಡು ವಾರ ಪುಕ್ಕಟೆ ಚಹ ಕುಡಿದೆ.

ಇದೇ ಸೊಕ್ಕಿನಲ್ಲಿ ಗೆಳೆಯನ ಮೇಲೆ ಒಂದು ಪ್ರಯೋಗ ಮಾಡಿದೆ. ಅವನ ಸೊಂಟ ನೋಯುತ್ತಿತ್ತು. ಅವನ ಬೆನ್ನಿನ ಫೋಟೋ ತೆಗೆದು, ಕ್ಯಾಮರಾದ ಪರದೆಯ ಮೇಲೆ ದೊಡ್ಡದು ಮಾಡಿ, ಅವನ ಪ್ಯಾಂಟಿನ ಹಿಂಜೇಬಿನ ಗುಂಡಿಯನ್ನು ತೋರಿಸಿ, ನೋಡು, ಮೂತ್ರಪಿಂಡದಲ್ಲಿ ಕಲ್ಲು ಎಂದೆ. ಅವನು ಎಂಟು ದಿನ ಬೆಳಗ್ಗೆ ಎದ್ದು ಹುರುಳಿ ಕಟ್ಟು ಕುಡಿದ. ಒಂಬತ್ತನೆಯ ದಿನ ಅವನ ಸೊಸೆ ಆ ಫೋಟೋ ನೋಡಿ, ಇದಕ್ಕೆ ನಾಲ್ಕು ತೂತಿದೆಯಲ್ಲ ಎಂದಳು. ಎಂಟು ದಿನದ ಹುರುಳಿಯ ಪರಿಣಾಮ ಆ ಮನೆಯವರೆಲ್ಲ ಅನುಭವಿಸಿದ್ದರು. ಅವನು ನನ್ನೊಡನೆ ಮಾತು ಬಿಟ್ಟ.

ನನ್ನ ಹೆಂಡತಿಯ ಕಣ್ಣಿನ ವಿಷಯ ಬಂದದ್ದು ಇದೇ ದಿನಗಳಲ್ಲಿ.

ಅವಳ ಎರಡೂ ಕಣ್ಣಿಗೆ ಮೋತಿಬಿಂದು. ಮೊದಮೊದಲು ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ, ಆಮೇಲೆ ಅಕ್ಕಿಯೇ ಕಾಣದಾಯಿತು. ಬಲಗಣ್ಣಿನ ಪೊರೆ ತೀರಾ ಬಲಿತಿತ್ತು. ದೊಡ್ಡ ಆಸ್ಪತ್ರೆಯ ಡಾಕ್ಟರು ನೋಡಿ, ಬೇಗ ತೆಗೆಸದಿದ್ದರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಆಪರೇಷನ್ನಿಗೆ ತಾರೀಖನ್ನೂ ಕೊಟ್ಟರು.

ಹೆಂಡತಿ ಒಪ್ಪಲಿಲ್ಲ. ಅವಳ ಅಕ್ಕ ವಿಜಯಪುರದ ಕಡೆ ಹೀಗೇ ಕಣ್ಣು ಕೊಯ್ಯಿಸಿಕೊಂಡಿದ್ದಳು, ಆ ಕಣ್ಣು ಮತ್ತೆ ತೆರೆಯಲೇ ಇಲ್ಲ. ಅಕ್ಕ ಅವತ್ತು ಅವಸರದಲ್ಲಿ ಶಕುನ ನೋಡದೆ ಮನೆ ಬಿಟ್ಟಿದ್ದಳಂತೆ. ಇವಳ ತವರಿನಲ್ಲಿ ದೊಡ್ಡ ಕೆಲಸಕ್ಕೆ ಹೊರಡುವಾಗ ಗರುಡ ಕಾಣಬೇಕು. ಕಂಡರೆ ಗಲ್ಲ ಗಲ್ಲ ಬಡಿದುಕೊಂಡು, ಕೈಮುಗಿದು, ಹಿಂತಿರುಗಿ ನೋಡದೆ ನಡೆಯಬೇಕು. ಕಾಣದಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಸರಿ, ಗರುಡ ಕಂಡರೆ ಹೋಗುತ್ತೇನೆ ಎಂದಳು.

ತೊಡಕು ಏನೆಂದರೆ, ಆಕಾಶದಲ್ಲಿ ವಿಮಾನ ಹೋದರೂ ಕಾಣದ ಕಣ್ಣು ಅವಳದು. ಇನ್ನೊಬ್ಬರು ನೋಡಿ ಹೇಳಬೇಕು. ಮನೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುವ ಗಂಡನಿದ್ದಾನೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡ ಯಾವುದು, ಬರೀ ಕಂದು ಬಣ್ಣದ, ಕವಲು ಬಾಲದ ಹದ್ದು ಯಾವುದು ಎಂದು ಅವನಿಗೆ ಗೊತ್ತು. ಆದರೆ ಆ ಗಂಡ ನಾನು. ಮದುವೆಯ ಮರುವರ್ಷ ಇವಳಿಗೆ ಕಡಲಿನ ನೀರನ್ನು ಸೋಸಿದರೆ ಉಪ್ಪು ಮೇಲೆ ನಿಲ್ಲುತ್ತದೆಂದು ಹೇಳಿ, ಎರಡು ಕೊಡ ಹೊರಿಸಿದವನು ನಾನೇ.

ಮೊದಲ ತಾರೀಖಿನ ಬೆಳಗ್ಗೆ ಅವಳು ಹಸಿರು ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಳು. ನಾನು ಕಟ್ಟೆಯ ಮೇಲೆ. ನನ್ನ ಅದೃಷ್ಟವೋ ಅವಳ ಅದೃಷ್ಟವೋ, ಐದೇ ನಿಮಿಷದಲ್ಲಿ ಖರೇ ಖರೇ ಗರುಡ ಬಂತು. ಬಂತು ಬಂತು ಎಂದು ಕುಣಿದೆ. ಅವಳು ಕುಣಿತವನ್ನು ನಂಬಲಿಲ್ಲ. ಕೆಳಗೆ ಗೆಳೆಯ ತನ್ನ ಮಾಡಿನ ಮೇಲೆ ಹತ್ತಿ ಒಡೆದ ಶೀಟಿಗೆ ಡಾಂಬರು ಬಳಿಯುತ್ತಿದ್ದ. ಅವಳು ಕೂಗಿ ಕೇಳಿದಳು.

"ಅಣ್ಣಾರ, ಮ್ಯಾಲ ನೋಡ್ರಿ. ಹಾರಾಕತ್ತಿದ್ದು ಏನದು?"

ಅವನು ತಲೆಯೆತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಹುರುಳಿ ಕಟ್ಟಿನ ಎಂಟು ದಿನಗಳು ಅವನ ಮುಖದ ಮೇಲೆ ಹಾದುಹೋದವು.

"ಕಾಗಿ ಐತ್ರಿ ವೈನಿ," ಎಂದ.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನು ಎಷ್ಟು ಆಣೆ ಮಾಡಿದರೂ ಕೇಳಲಿಲ್ಲ. ಆಣೆಯ ಮೇಲೆ ಆಣೆ ಬಿದ್ದಷ್ಟೂ ಅದು ಕಾಗೆಯೇ ಎಂದು ಅವಳಿಗೆ ಗಟ್ಟಿಯಾಯಿತು.

ಗೆಳೆಯನಿಗೆ ಇದು ಆಸ್ಪತ್ರೆಯ ಮಾತೆಂದು ಗೊತ್ತಿರಲಿಲ್ಲ. ಸಂಜೆ ಅವನ ಸೊಸೆಯಿಂದ ತಿಳಿದು ಮೆಟ್ಟಿಲು ಹತ್ತಿ ಬಂದ. ಅಂಗಳದಲ್ಲಿ ನಿಂತವನು ಒಳಗೆ ಬರಲಿಲ್ಲ. ನನಗೆ ಬೈಯುತ್ತಾನೆ ಎಂದುಕೊಂಡೆ, ತನಗೇ ಬೈದುಕೊಂಡ. ವೈನಿಗೆ ನಿಜ ಹೇಳುತ್ತೇನೆ ಎಂದು ಹೋದರೆ, ಅವಳು ನಕ್ಕು, ಗೆಳೆಯನ ಮಾನ ಉಳಿಸಲು ಬಂದಿದ್ದೀರಿ, ಇರಲಿ ಬಿಡಿ ಎಂದು ಚಹ ಕೊಟ್ಟು ಕಳಿಸಿದಳು. ಅಲ್ಲಿಗೆ ಸಡಾದ ಒಬ್ಬನೇ ನಂಬಿಗಸ್ತ ಸಾಕ್ಷಿಯೂ ನನ್ನ ಸಹವಾಸದಿಂದ ಕೆಟ್ಟ.

ಆಸ್ಪತ್ರೆಯವರು ಎರಡನೆಯ ತಾರೀಖು ಕೊಟ್ಟರು. ಈ ಸಲ ಇಬ್ಬರು ಮುದುಕರು ಸೇರಿ ಯೋಜನೆ ಹಾಕಿದೆವು. ಗೆಳೆಯ ಮೀನಿನ ಲಾರಿಯವನು, ಬಾಂಗಡೆ ಇದ್ದಲ್ಲಿ ಗರುಡ ಇರುತ್ತದೆ ಎಂಬುದು ಅವನ ಶಾಸ್ತ್ರ. ಒಂದೆರಡಲ್ಲ, ಹತ್ತೆಂಟು ಗರುಡಗಳು ಮನೆಯ ಮುಂದೆ ಕಿರುಚುತ್ತಾ ಸುತ್ತಿದರೆ ಕುರುಡರಿಗೂ ತಿಳಿಯುತ್ತದಲ್ಲ? ಬೆಳಗ್ಗೆ ಅವನು ಜೆಟ್ಟಿಗೆ ಹೋಗಿ ಒಂದು ಬುಟ್ಟಿ ಬಾಂಗಡೆ ತಂದು ತನ್ನ ಮಾಡಿನ ಮೇಲೆಲ್ಲ ಹಪ್ಪಳದ ಹಾಗೆ ಹರವಿದ. ನಮ್ಮದು ಮೀನು ಮುಟ್ಟದ ಮನೆ ಎಂಬುದನ್ನು ಇಬ್ಬರೂ ಮರೆತೆವು. ಮರೆತೆವು ಅನ್ನುವುದಕ್ಕಿಂತ, ವಾಸನೆ ಮೇಲಕ್ಕೆ ಏರುವುದಿಲ್ಲ ಎಂದು ನಾನು ಅವನಿಗೆ ಭರವಸೆ ಕೊಟ್ಟಿದ್ದೆ.

ಮೊದಲು ಬಂದದ್ದು ಬೆಕ್ಕುಗಳು. ಸಡಾದಲ್ಲಿ ಅಷ್ಟು ಬೆಕ್ಕುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕಾಗೆಗಳು, ಹದ್ದುಗಳು, ಕಡಲಿನಿಂದ ಬಿಳಿ ಹಕ್ಕಿಗಳ ಒಂದು ಹಿಂಡು. ಎಲ್ಲ ಸೇರಿ ಮಾಡಿದ ಗದ್ದಲಕ್ಕೆ ಕೆಳಗಿನ ಓಣಿಯವರು ಯಾರೋ ಸತ್ತರೆಂದು ಓಡಿಬಂದರು. ಕೊನೆಗೆ ಎರಡು ಗರುಡ ಇಳಿದವು. ನಾನು ಕ್ಯಾಮರಾ ಎತ್ತಿ, ನೋಡು, ಗರುಡ ಎಂದು ಹೇಳುವುದಕ್ಕೂ, ಒಂದು ಗರುಡದ ಕಾಲಿನ ಬಾಂಗಡೆಯನ್ನು ಹದ್ದು ಕಸಿಯಲು ಹೋಗುವುದಕ್ಕೂ ಸರಿಹೋಯಿತು. ಮೀನು ಜಾರಿತು. ಅಷ್ಟು ದೊಡ್ಡ ಗೋವಾದಲ್ಲಿ ಅದಕ್ಕೆ ಬೀಳಲು ಇನ್ನೊಂದು ಜಾಗ ಸಿಗಲಿಲ್ಲ. ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದ ನನ್ನ ಹೆಂಡತಿಯ ಇಳಕಲ್ ಸೆರಗಿನೊಳಗೆ ಬಂದು ಬಿತ್ತು.

ಅವಳು ಅದನ್ನು ಮುಟ್ಟಿ ನೋಡಿದಳು. ಮೂಸಿದಳು. ನಾನು ಗರುಡ ಕಳಿಸಿದ ಪ್ರಸಾದ ಎಂದೆ. ಎಂಥ ಮಾತನ್ನು ಎಂಥ ಹೊತ್ತಿನಲ್ಲಿ ಆಡಬಾರದೋ ಅದನ್ನು ಆಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅವಳು ಮೀನನ್ನು ಕಟ್ಟೆಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು.

"ನಿಮಗಿದು ಆಟ," ಎಂದಳು. "ನನಗ ಅಂಜಿಕಿ ಬಂದೈತಿ. ಅಕ್ಕನ ಕಣ್ಣು ಹ್ವಾದದ್ದು ನಾ ನೋಡೀನಿ. ನಾ ಕೇಳಿದ್ದು ಒಂದ ಖರೇ ಮಾತು. ಅದೊಂದು ನಿಮ್ಮ ಕಡೆ ಇಲ್ಲ ಅಂದ್ರ, ನಾ ಯಾರ ಬೆನ್ನ ಹತ್ತಿ ಆಸ್ಪತ್ರಿಗೆ ಹೋಗ್ಲಿ?"

ಉತ್ತರ ಕೊಡಲು ಬಾಯಿ ತೆರೆದೆ. ಅದರಿಂದ ಬರುವುದೆಲ್ಲ ಬಾಂಗಡೆಯ ಜಾತಿಯದೇ ಎನ್ನಿಸಿ ಮುಚ್ಚಿಕೊಂಡೆ. ಆಸ್ಪತ್ರೆಯವರು ಫೋನಿನಲ್ಲಿ, ಮೂರನೆಯ ತಾರೀಖು ಕೊಡುತ್ತೇವೆ, ಅದನ್ನೂ ತಪ್ಪಿಸಿದರೆ ಕಣ್ಣಿನ ಜವಾಬ್ದಾರಿ ನಿಮ್ಮದೇ ಎಂದರು. ಹದಿನೆಂಟು ದಿನ ಉಳಿದಿದ್ದವು.

ಮರುದಿನದಿಂದ ಬೆಳಕು ಹರಿಯುವ ಮೊದಲೇ ಕಟ್ಟೆಯ ಮೇಲೆ ಹೋಗಿ ಕೂತೆ. ಮೀನಿಲ್ಲ, ಶಿಳ್ಳೆಯಿಲ್ಲ. ಗರುಡಕ್ಕೂ ಒಂದು ದಿನಚರಿ ಇರಬೇಕಲ್ಲ, ಅದನ್ನು ಕಲಿಯೋಣ ಎಂದುಕೊಂಡೆ. ಮೊದಲೆರಡು ದಿನ ಸಾವಿರ ಸಲ ಶಟರ್ ಒತ್ತಿದೆ. ಬಂದದ್ದು ಬರೀ ರೆಕ್ಕೆಯ ತುದಿ, ಖಾಲಿ ಆಕಾಶ, ಒಮ್ಮೆ ನನ್ನದೇ ಹೆಬ್ಬೆರಳು. ಮೂರನೆಯ ದಿನದಿಂದ ಒತ್ತುವುದು ಕಡಿಮೆಯಾಯಿತು. ನೋಡುವುದು ಹೆಚ್ಚಾಯಿತು. ರಾತ್ರಿ ಹೋದ ಟ್ರಾಲರುಗಳು ಜೆಟ್ಟಿಗೆ ಮರಳುವ ಹೊತ್ತಿಗೆ ಹದ್ದುಗಳು ಗುಂಪಾಗಿ ಮೇಲಿಂದ ಹೋಗುತ್ತವೆ. ಗರುಡಗಳು ಆಮೇಲೆ, ಒಂದೊಂದೇ, ಗುಡ್ಡದ ಮಗ್ಗುಲನ್ನು ಸವರಿಕೊಂಡು ಬರುತ್ತವೆ. ಅವುಗಳಲ್ಲಿ ಒಂದರ ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲ, ಬಾಚಣಿಗೆಯ ಹಲ್ಲು ಮುರಿದ ಹಾಗೆ. ಅದು ದಿನವೂ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಮೂವತ್ತೊಂದು ವರ್ಷ ಕ್ಯಾಬಿನ್ನಿನ ಮುಂದೆ ಹಾದದ್ದು ಇದರ ಅಜ್ಜ, ಮುತ್ತಜ್ಜಂದಿರೇ ಇರಬೇಕು. ಅವರಿಗೆ ಮುಖ ಕೊಟ್ಟು ನೋಡದ ಪಾಪವನ್ನು ಈಗ ತೀರಿಸುತ್ತಿದ್ದೇನೆ ಎನ್ನಿಸಿತು.

ಸತ್ಯ ಹೇಳುತ್ತೇನೆ, ಆ ಕಟ್ಟೆಯ ಮೇಲೆ ನಾನು ದೇವರನ್ನೇನೂ ಕಾಣಲಿಲ್ಲ. ಆದರೆ ದೇವರ ಕೋಣೆಯಲ್ಲಿ ಎರಡು ನಿಮಿಷ ಕಣ್ಣು ಮುಚ್ಚಿದರೆ ಯಾರ ಚಪ್ಪಲಿ ಅಡಗಿಸಲಿ ಎಂದು ಯೋಚಿಸುತ್ತಿದ್ದ ಮನುಷ್ಯ, ಇಲ್ಲಿ ಒಂದು ತಾಸು ಕಣ್ಣು ತೆರೆದು ಕೂತು ಏನನ್ನೂ ಯೋಚಿಸುತ್ತಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಆಗಾಗ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಐದನೆಯ ದಿನ ಬಂದು ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಎಂದಳು. ಗೆಳೆಯನಂತೂ ಚಹದ ಅಂಗಡಿಯಲ್ಲಿ, ಅವನು ಸುಮ್ಮನಿದ್ದಾನೆ ಎಂದರೆ ಈ ಸಲ ದೊಡ್ಡದೇನೋ ಇದೆ, ಎಲ್ಲರೂ ನಿಮ್ಮ ಚಪ್ಪಲಿ ಎಣಿಸಿಕೊಳ್ಳಿ ಎಂದು ಎಚ್ಚರಿಕೆ ಕೊಟ್ಟನಂತೆ.

ಮೂರನೆಯ ತಾರೀಖು ಬಂತು. ಅವತ್ತು ಕಲ್ಲಿದ್ದಲಿನ ದೂಳು, ಮೇಲೆ ಮಂಜು. ಕಡಲೇ ಕಾಣುತ್ತಿರಲಿಲ್ಲ. ಹದ್ದುಗಳು ಹೋದವೋ ಇಲ್ಲವೋ ತಿಳಿಯಲಿಲ್ಲ. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು, ಚಪ್ಪಲಿ ಮೆಟ್ಟಿರಲಿಲ್ಲ. ಗೆಳೆಯ ತನ್ನ ಅಂಗಳದಲ್ಲಿ ನಿಂತಿದ್ದ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಏನೇ ಬಂದರೂ ಮಾತಾಡುವುದಿಲ್ಲ ಎಂದು ಅವನೇ ವಚನ ಕೊಟ್ಟಿದ್ದ. ಮೇಲಿನ ರಸ್ತೆಯಲ್ಲಿ ಆಟೋ ನಿಂತಿತ್ತು. ಅರ್ಧ ತಾಸು ಕಾದ ಡ್ರೈವರ್ ಇಳಿದು ಬಂದು, ಬರುತ್ತೀರೋ ಇಲ್ಲವೋ ಹೇಳಿ ಎಂದ.

ಅವನನ್ನು ಹಿಡಿದಿಡಬೇಕಿತ್ತು. ನನ್ನ ಬಳಿ ಇದ್ದ ಹಗ್ಗ ಒಂದೇ, ನಾಲಿಗೆ. ಹದಿನೆಂಟು ದಿನದ ಮೌನ ಬಿಟ್ಟು ಕತೆ ಶುರುಮಾಡಿದೆ. ಒಮ್ಮೆ ರಷ್ಯಾದ ಹಡಗಿನ ಕಪ್ತಾನನ ಟೊಪ್ಪಿಗೆ ಗಾಳಿಗೆ ಹಾರಿದಾಗ, ನಾನು ಹದಿನೈದು ಟನ್ನಿನ ಕೊಕ್ಕೆಯಿಂದ ಅದನ್ನು ಗಾಳಿಯಲ್ಲೇ ಹಿಡಿದು ಅವನ ತಲೆಯ ಮೇಲೆ ತಿರುಗಿ ಇಟ್ಟೆ, ಅದೂ ಎಂಥ ಟೊಪ್ಪಿಗೆ ಗೊತ್ತೇನು, ನರಿಯ ಚರ್ಮದ್ದು, ಅದರ ಬಾಲ ಇನ್ನೂ...

ಮಂಜಿನೊಳಗಿಂದ ಅದು ಬಂತು. ಮೇಲಿನಿಂದಲ್ಲ, ಕೆಳಗಿನಿಂದ. ಗೆಳೆಯನ ಮಾಡಿನ ಅಂಚಿನಿಂದ ಎದ್ದು, ನಮ್ಮ ಕಟ್ಟೆಯ ಮಟ್ಟಕ್ಕೆ ಏರಿ, ರೆಕ್ಕೆ ಬಡಿಯದೆ ನನ್ನ ಮುಖದ ಮುಂದೆ ತೇಲಿತು. ಎಡರೆಕ್ಕೆಯಲ್ಲಿ ಒಂದು ಗರಿ ಇರಲಿಲ್ಲ. ಎದೆಯ ಬಿಳಿ ಗರಿಗಳ ಮೇಲೆ ಮಂಜಿನ ಹನಿಗಳಿದ್ದವು. ಕಣ್ಣನ್ನು ತಿರುಗಿಸಿ ನನ್ನನ್ನು ನೋಡಿತು. ಕ್ಯಾಮರಾ ನನ್ನ ಕೊರಳಲ್ಲಿ ಇತ್ತು, ಅದಿದೆ ಎಂಬುದೇ ನೆನಪಾಗಲಿಲ್ಲ.

ಹಿಂದಿನಿಂದ ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ತಿರುಗಿ ನೋಡಿದರೆ ಹೆಂಡತಿ ಗಲ್ಲ ಗಲ್ಲ ಬಡಿದುಕೊಂಡು ಕೈಮುಗಿಯುತ್ತಿದ್ದಾಳೆ.

"ಬಂತಲ್ಲ. ನಡೀರಿ ಇನ್ನ," ಎಂದಳು.

"ನಿನಗ ಕಾಣಿಸ್ತೇನು?"

"ನನಗೆಲ್ಲಿಂದ ಕಾಣಬೇಕು. ನೀವು ಮಾತು ಅರ್ಧಕ್ಕ ಬಿಟ್ರಿ. ನಲವತ್ತೆರಡು ವರ್ಷ ಆತು, ನೀವು ಒಂದು ಸುಳ್ಳು ಅರ್ಧಕ್ಕ ಬಿಟ್ಟದ್ದು ನಾ ಕೇಳಿಲ್ಲ."

ಕೆಳಗೆ ಗೆಳೆಯ ಬಾಯಿಯ ಮೇಲಿನ ಕೈ ತೆಗೆಯದೆ, ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡ. ಆಟೋದವನು ದಾರಿಯುದ್ದಕ್ಕೂ, ಆ ಟೊಪ್ಪಿಗೆಯ ಬಾಲಕ್ಕೆ ಏನಾಯಿತು ಎಂದು ಕೇಳಿದ. ನಾನು ಹೇಳಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡಿದ್ದೆ. ಆಸ್ಪತ್ರೆಯವರು ಅವಳನ್ನು ಒಳಗೆ ಕರೆದೊಯ್ದ ಮೇಲೆ ಬೆಂಚಿನ ಮೇಲೆ ಎಷ್ಟು ಸುಮ್ಮನೆ ಕೂತಿದ್ದೆನೆಂದರೆ, ಒಬ್ಬ ನರ್ಸಮ್ಮ ನಾನು ಮೂಗನೆಂದು ತಿಳಿದು, ಕಾಗದ ಪತ್ರಗಳ ವಿಚಾರವನ್ನೆಲ್ಲ ಕೈಸನ್ನೆಯಲ್ಲೇ ಕೇಳಿದಳು. ಯಾವ ಮಜಾಕಿನ ಉದ್ದೇಶವೂ ಇಲ್ಲದೆ ನಾನೂ ಕೈಸನ್ನೆಯಲ್ಲೇ ಉತ್ತರ ಕೊಟ್ಟೆ. ಇದನ್ನೂ ಯಾರೂ ನಂಬುವುದಿಲ್ಲ.

ಬಲಗಣ್ಣಿಗೆ ದೃಷ್ಟಿ ಬಂತು. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಅವಳು ನನ್ನ ಕ್ಯಾಮರಾದಲ್ಲಿದ್ದ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದಳು. ನಾನು ಗರುಡ ಎಂದು ಊರೆಲ್ಲ ತೋರಿಸಿದ ಫೋಟೋಗಳಿಗೆ ಇದು ಹದ್ದು, ಇದೂ ಹದ್ದು, ಇದು ನಿಮ್ಮ ಬೆರಳು ಎಂದು ತೀರ್ಪು ಕೊಡುತ್ತಾ ಹೋದಳು. ಗೆಳೆಯ ಪಕ್ಕದಲ್ಲಿ ಕೂತು, ಪ್ರತಿ ತೀರ್ಪಿಗೂ ತೊಡೆ ತಟ್ಟುತ್ತಿದ್ದ.

ಎರಡು ತಿಂಗಳಿಗೆ ಇನ್ನೊಂದು ಕಣ್ಣಿನ ತಾರೀಖು ಬಂತು. ಅವತ್ತು ಬೆಳಗ್ಗೆ ನಾನು ಅವಳಿಗಿಂತ ಮೊದಲೇ ಹೊರಗೆ ಬಂದು ಆಕಾಶ ನೋಡಿದೆ. ಗರುಡದ ಸುಳಿವಿಲ್ಲ. ಒಂದು ಮುದಿ ಹದ್ದು ಮಾತ್ರ ಬಂದರಿನ ದೀಪದ ಕಂಬದ ಮೇಲೆ ಬೆನ್ನು ತುರಿಸಿಕೊಳ್ಳುತ್ತಾ ಕೂತಿತ್ತು. ಹಳೆಯ ಚಟ, ಗರುಡ ಎಂದುಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹೊರಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಹೊಸ ಕಣ್ಣಿನಿಂದ ಅದನ್ನು ತಾನೇ ಬಹಳ ಹೊತ್ತು ನೋಡಿದಳು.

"ಹದ್ದು," ಎಂದಳು. "ಇರಲಿ, ಪಾಪ, ಅದರ ಮಾರಿನೂ ಚಲೋ ಐತಿ."

ಕೈಮುಗಿದು, ನನಗಿಂತ ಮೊದಲೇ ಹೋಗಿ ಆಟೋದಲ್ಲಿ ಕೂತಳು.